ಆರೋಗ್ಯ ಪ್ರಶ್ನೋತ್ತರ: ಗೊಂಬೆ ಬಿಡದ ಮಗು

ಪ್ರಶ್ನೆ: ನನ್ನ ಮಗಳಿಗೆ ಎರಡು ವರ್ಷ ತುಂಬಿದೆ. ‘ಕಯ್ಡಿ’ ಎಂದು ಕರೆಯುವ ಕರಡಿ ಗೊಂಬೆಯೊಂದನ್ನು ದಿನವಿಡೀ ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುತ್ತಾಳೆ. ಅದಿಲ್ಲದೆ ನಿದ್ದೆಯಿಲ್ಲ. ನಾನು ಬ್ಯಾಂಕ್ ಕೆಲಸಕ್ಕೆ ಹೋಗುವವಳು. ತಾಯಿಯ ಪ್ರೀತಿ ಸಾಲದ್ದಕ್ಕೇ ಮಗು ಗೊಂಬೆಗೆ ಅಂಟಿಕೊಂಡಿದೆ ಎಂದು ಮನೆಯಲ್ಲಿ ಹೇಳುತ್ತಾರೆ. ನಿಜವೇ?
– ಹೆಸರು ಬೇಡ, ಹಾಸನ

ಉತ್ತರ: ಖಂಡಿತ ಅಲ್ಲ. ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ತಾಯಿ ಕಣ್ಮರೆಯಾದಳೆಂಬುದು ಎಂಟು-ಹತ್ತು ತಿಂಗಳಿಗೇ ಮಗುವಿಗೆ ತಿಳಿಯುತ್ತದೆ. ಅವಳು ಮರಳಿ ಬಂದೇ ಬರುತ್ತಾಳೆ ಎಂಬ ಭರವಸೆ ಬಲಿಯಲು ಇನ್ನೂ ಬಹಳ ಕಾಲ ಬೇಕು. ಆ ನಡುವೆ ತನ್ನ ಕೈಗೆ ಯಾವಾಗಲೂ ಸಿಗುವ, ಮೆತ್ತಗಿರುವ, ಮನೆಯ ವಾಸನೆಯಿರುವ ಒಂದು ವಸ್ತುವನ್ನು ಮಗು ಆರಿಸಿಕೊಳ್ಳುತ್ತದೆ. ಲಂಡನ್ನಿನ ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ ದಶಕಗಳ ಕಾಲ ದುಡಿದ ವೈದ್ಯ ಡೊನಾಲ್ಡ್ ವಿನಿಕಾಟ್ 1951ರಲ್ಲೇ ಇದನ್ನು ವಿವರಿಸಿದ್ದಾರೆ. ತಾಯಿಯ ಆರೈಕೆ ಸಿಕ್ಕಿದ ಮಗುವೇ ಇಂಥ ವಸ್ತುವಿನಲ್ಲಿ ನೆಮ್ಮದಿ ಕಾಣಬಲ್ಲದು ಎಂಬುದು ಅವರ ನಿಲುವು. ನಿಮ್ಮ ಮನೆಯವರು ಹೇಳುವುದಕ್ಕೆ ಇದು ಪೂರಾ ಉಲ್ಟಾ.

ನಮ್ಮಲ್ಲೂ ಅಮ್ಮನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೋ ಅಜ್ಜಿಯ ಕೌದಿಯ ಮೂಲೆ ಚೀಪುತ್ತಲೋ ಮಕ್ಕಳು ನಿದ್ದೆ ಹೋಗುತ್ತಿದ್ದವು. ಅದನ್ನು ಯಾರೂ ಕೊರತೆ ಎನ್ನಲಿಲ್ಲ. ನೀವು ಕೆಲಸಕ್ಕೆ ಹೊರಡುವಾಗ ಮಾತ್ರ ಕಣ್ಣು ತಪ್ಪಿಸಿ ಹೋಗಬೇಡಿ. ಹೇಳಿ ಹೋಗಿ, ಅತ್ತರೆ ಅಳಲಿ. ಸಾಧ್ಯವಾದರೆ ಅದೇ ಥರದ ಇನ್ನೊಂದು ಕರಡಿ ತಂದು, ಎರಡನ್ನೂ ಅದಲು ಬದಲು ಮಾಡುತ್ತಿರಿ. ಒಂದು ಕಳೆದರೂ ಮನೆ ರಣರಂಗವಾಗದು.

ಪ್ರಶ್ನೆ: ಮೊಮ್ಮಗನಿಗೆ ಮೂರು ವರ್ಷ. ಗಂಡು ಹುಡುಗ, ಆದರೂ ಮೊಲದ ಗೊಂಬೆಗೆ ಉಣ್ಣಿಸುತ್ತಾನೆ, ಜೋಗುಳ ಹಾಡುತ್ತಾನೆ. ಶಾಲೆಗೆ ಸೇರಿಸುವ ಮೊದಲು ಚಟ ಬಿಡಿಸೋಣವೆಂದು ಗೊಂಬೆಗೆ ಬೇವಿನ ರಸ ಹಚ್ಚಿದೆವು. ಕೇಳಲಿಲ್ಲ. ಅಟ್ಟದಲ್ಲಿ ಅಡಗಿಸಿಟ್ಟು, ನಾಯಿ ಕಚ್ಚಿಕೊಂಡು ಹೋಯಿತು ಅಂದೆವು. ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ, ರಾತ್ರಿ ಬೆಚ್ಚಿ ಏಳುತ್ತಾನೆ. ದೃಷ್ಟಿಯನ್ನೂ ತೆಗೆಸಿದೆವು.
– ಒಬ್ಬ ಅಜ್ಜ, ಹಾವೇರಿ ಜಿಲ್ಲೆ

ಉತ್ತರ: ಯಜಮಾನರೇ, ಮೊದಲು ಮೊಲವನ್ನು ಅಟ್ಟದಿಂದ ಇಳಿಸಿ ಮೊಮ್ಮಗನ ಕೈಗೆ ಕೊಡಿ. ನನ್ನ ಉತ್ತರವನ್ನು ಆಮೇಲೆ ಓದಿದರಾಯಿತು.

ಮೂರು ವರ್ಷದ ಮಗು ದೊಡ್ಡವರು ಹೇಳಿದ್ದನ್ನೆಲ್ಲ ನಂಬುತ್ತದೆ. ತಾನು ದಿನವೂ ತಬ್ಬಿ ಮಲಗುವ ಜೀವವನ್ನು ನಾಯಿ ಕಚ್ಚಿಕೊಂಡು ಹೋಗಿದೆ ಎಂದ ಮೇಲೆ ಅದು ಹೇಗೆ ಮಲಗೀತು? ಇದಕ್ಕೆ ಯಾವ ದೃಷ್ಟಿಯೂ ಕಾರಣವಲ್ಲ. ಬೇವಿನ ರಸ, ಮೆಣಸಿನ ಪುಡಿ, ಬರೆ ಹಾಕುತ್ತೇನೆಂಬ ಬೆದರಿಕೆ ಇವುಗಳಿಂದ ಯಾವ ಮಗುವಿನ ಭಯವೂ ಕಡಿಮೆಯಾದದ್ದನ್ನು ನಾನು ಕಂಡಿಲ್ಲ. ಭಯ ಹೆಚ್ಚಾದಷ್ಟೂ ಮಗು ಗೊಂಬೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ.

ಇನ್ನು ‘ಗಂಡು ಹುಡುಗ’ ಎಂಬ ಮಾತು. ಈ ನಂಬಿಕೆ ನಮ್ಮ ಮನೆಗಳಿಂದ ತೊಲಗಬೇಕು. ಅವನು ಉಣ್ಣಿಸುತ್ತಿರುವುದು ನೀವು ಅವನಿಗೆ ಉಣ್ಣಿಸಿದ ಹಾಗೆ. ಹಾಡುತ್ತಿರುವುದು ನೀವು ಹಾಡಿದ ಹಾಗೆ. ಇಂಥ ನಟನೆಯ ಆಟ ಬಂದಿದೆಯೇ ಎಂದು ನಾವು ವೈದ್ಯರು ಎರಡು ವರ್ಷದ ಮಕ್ಕಳಲ್ಲಿ ಹುಡುಕಿ ನೋಡುತ್ತೇವೆ. ಬಂದಿದ್ದರೆ ನಮಗೆ ಸಮಾಧಾನ. ನನ್ನ ಕ್ಲಿನಿಕ್ಕಿನಲ್ಲಿ ಹೆದರಿದ ಮಗುವಿನ ಗೊಂಬೆಯ ಎದೆಗೆ ಮೊದಲು ಸ್ಟೆತಾಸ್ಕೋಪ್ ಇಡುತ್ತೇನೆ, ಅದರ ಕಿವಿಗೆ ಟಾರ್ಚ್ ಹಿಡಿಯುತ್ತೇನೆ. ಆಮೇಲೆ ಮಗು ತಾನಾಗಿಯೇ ಅಂಗಿ ಎತ್ತುತ್ತದೆ.

ಶಾಲೆಯ ಮೊದಲ ದಿನಗಳಲ್ಲಿ ಮೊಲ ಚೀಲದಲ್ಲಿರಲಿ. ಗೆಳೆಯರು ಸಿಕ್ಕ ಮೇಲೆ ಹಗಲು ಅದರ ನೆನಪು ಕಡಿಮೆಯಾಗುತ್ತದೆ, ರಾತ್ರಿಗೆ ಮಾತ್ರ ಉಳಿಯುತ್ತದೆ. ಅದೂ ಬಿಡದಿದ್ದರೆ ನಷ್ಟವೇನಿಲ್ಲ. ಆದರೆ ಒಂದು ಮಾತು: ಮೊಲ ಸಿಕ್ಕ ಮೇಲೂ ಎರಡು ದಿನ ಊಟ ಸೇರದಿದ್ದರೆ ಮಕ್ಕಳ ವೈದ್ಯರಲ್ಲಿ ಕಿವಿ, ಗಂಟಲು ತೋರಿಸಿ, ಮೂತ್ರ ಪರೀಕ್ಷೆ ಮಾಡಿಸಿ. ಬೇಸರಕ್ಕೆ ಊಟ ಬಿಟ್ಟಿದೆ ಎಂದು ಕರೆತಂದ ಮಕ್ಕಳಲ್ಲಿ ಮೂತ್ರದ ಸೋಂಕು ಪತ್ತೆಯಾದದ್ದುಂಟು.

ಪ್ರಶ್ನೆ: ಏಳು ತಿಂಗಳ ಮಗುವಿನ ತೊಟ್ಟಿಲಲ್ಲಿ ಮೆತ್ತನೆಯ ಗೊಂಬೆಗಳನ್ನು ಇಡಬಹುದೇ?
– ಶಿವಮೊಗ್ಗ

ಉತ್ತರ: ಬೇಡ. ವರ್ಷ ತುಂಬುವವರೆಗೆ ಮಲಗುವ ಜಾಗದಲ್ಲಿ ಗೊಂಬೆ, ದಿಂಬು, ದಪ್ಪ ಹೊದಿಕೆ ಯಾವುದೂ ಇರಕೂಡದು, ಉಸಿರುಗಟ್ಟುವ ಅಪಾಯವಿದೆ. ಎಚ್ಚರವಿದ್ದಾಗ, ನಿಮ್ಮ ಕಣ್ಣೆದುರು ಆಡಲಿ.

ಪ್ರಶ್ನೆ: ಮೂರು ವರ್ಷದ ಮಗನಿಗೆ ರಾತ್ರಿಯಾದರೆ ಕೆಮ್ಮು, ಬೆಳಗ್ಗೆ ಸೀನು. ಒಂದೂವರೆ ವರ್ಷದಿಂದ ತಬ್ಬಿ ಮಲಗುವ ಆನೆ ಗೊಂಬೆಯನ್ನು ಒಮ್ಮೆಯೂ ತೊಳೆಯಲು ಬಿಟ್ಟಿಲ್ಲ. ಬಿಸಾಡಲೇ?
– ಬೆಂಗಳೂರು

ಉತ್ತರ: ಬಿಸಾಡಬೇಡಿ, ತೊಳೆಯಿರಿ. ಕಣ್ಣಿಗೆ ಕಾಣದ ಧೂಳಿನ ನುಸಿಗಳು ಇಂಥ ಗೊಂಬೆಯಲ್ಲಿ ಸೇರಿಕೊಳ್ಳುತ್ತವೆ. 60 ಡಿಗ್ರಿ ಬಿಸಿನೀರಿನಲ್ಲಿ ತೊಳೆದರೆ ಸಾಯುತ್ತವೆ. ಅಷ್ಟು ಬಿಸಿ ತಾಳದ ಗೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಂದು ದಿನ ಪೂರ್ತಿ ಫ್ರೀಜರ್‌ನಲ್ಲಿಟ್ಟು ಆಮೇಲೆ ತೊಳೆಯಿರಿ. ಒಳಗಿನ ಹತ್ತಿಯೂ ಒಣಗುವಂತೆ ಬಿಸಿಲಿಗೆ ಹಾಕಿ. ‘ಆನೆಗೆ ಸ್ನಾನ’ ಎಂದು ಮಗನನ್ನೂ ಜೊತೆಗೆ ಕೂರಿಸಿಕೊಂಡರೆ ರಂಪವಿಲ್ಲ.

ಆದರೆ ಎಲ್ಲವನ್ನೂ ಆನೆಯ ತಲೆಗೆ ಕಟ್ಟಬೇಡಿ. ರಾತ್ರಿ ಕೆಮ್ಮಿಗೆ ಅಂಗಡಿಯಿಂದ ಸಿರಪ್ ತಂದು ಕುಡಿಸುವುದನ್ನು ಇಂದೇ ನಿಲ್ಲಿಸಿ, ಕೆಮ್ಮು ಇರುವಾಗಲೇ ವೈದ್ಯರಲ್ಲಿ ಎದೆ ಪರೀಕ್ಷೆ ಮಾಡಿಸಿ. ಆಸ್ತಮಾ ಎಂದಾದರೆ ಇನ್‌ಹೇಲರ್ ಬರೆದುಕೊಡುತ್ತಾರೆ. ಅದು ಚಟವಾಗುವುದಿಲ್ಲ.

ಪ್ರಶ್ನೆ: ಒಂದು ವರ್ಷ ಎಂಟು ತಿಂಗಳ ಮಗಳು ಗೊಂಬೆಯ ಕೂದಲು ಕಿತ್ತು ತಿನ್ನುತ್ತಾಳೆ. ಗೋಡೆಯ ಸುಣ್ಣವನ್ನೂ ಕೆರೆಯುತ್ತಾಳೆ. ಜಂತುಹುಳುವಿನ ಔಷಧಿ ಕೊಟ್ಟರೂ ನಿಂತಿಲ್ಲ. ಊಟ ಬೇಡ, ಹಾಲು ಮಾತ್ರ ಸಾಕು.
– ರಾಯಚೂರು

ಉತ್ತರ: ಈ ಪತ್ರ ನನಗೆ ನಿಜಕ್ಕೂ ಚಿಂತೆ ತಂದಿದೆ. ಸುಣ್ಣ, ಕೂದಲು, ಮಣ್ಣು ತಿನ್ನುವ ಮಗುವಿನ ಹಿಮೋಗ್ಲೋಬಿನ್ ಮತ್ತು ಮೈಯಲ್ಲಿನ ಕಬ್ಬಿಣಾಂಶದ ಸಂಗ್ರಹ ತೋರಿಸುವ ಫೆರಿಟಿನ್ ನೋಡದೆ ನಾನು ಬಿಡುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67.1ರಷ್ಟು ಮಂದಿಗೆ ರಕ್ತಹೀನತೆಯಿದೆ. ಹಾಲನ್ನು ದಿನಕ್ಕೆ ಅರ್ಧ ಲೀಟರಿನ ಒಳಗೆ ನಿಲ್ಲಿಸಿ. ಹಾಲು ಹೆಚ್ಚಾದಷ್ಟೂ ಊಟ ಸೇರದು, ಕಬ್ಬಿಣಾಂಶ ದಕ್ಕದು. ಹಳೆಯ ಸುಣ್ಣಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ರಕ್ತದ ಸೀಸದ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ. ವಾಂತಿ, ಹೊಟ್ಟೆ ಉಬ್ಬರ ಇದ್ದರೆ ಸ್ಕ್ಯಾನ್ ಆಗಲೇಬೇಕು. ನುಂಗಿದ ಕೂದಲು ಹೊಟ್ಟೆಯಲ್ಲಿ ಉಂಡೆ ಕಟ್ಟಬಹುದು.

ಗೊಂಬೆಯನ್ನು ಕೂದಲಿಲ್ಲದ ಬಟ್ಟೆಯ ಗೊಂಬೆಗೆ ಬದಲಾಯಿಸಿ. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ. ಗುಂಡಿಯ ಕಣ್ಣು ಬೇಡ, ಹೊಲಿದ ಕಣ್ಣಿರಲಿ. ಹಾಡುವ ಗೊಂಬೆಯಾದರೆ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇರಬೇಕು. ಬಿಲ್ಲೆ ಬ್ಯಾಟರಿ ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ, ಬಾಳೆಹಣ್ಣು ತಿನ್ನಿಸಿ ಕಾಯದೆ, ನೇರ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯವಾಗುತ್ತದೆ.

ಪ್ರಶ್ನೆ: ಎರಡು ವರ್ಷ ನಾಲ್ಕು ತಿಂಗಳ ಮಗ ನಾಯಿ ಗೊಂಬೆ ಹಿಡಿದು ಒಬ್ಬನೇ ಕೂರುತ್ತಾನೆ. ನಾಲ್ಕೈದು ಪದ ಬಿಟ್ಟರೆ ಮಾತಿಲ್ಲ. ಕರೆದರೆ ಕೆಲವೊಮ್ಮೆ ತಿರುಗುವುದಿಲ್ಲ. ಅವರಪ್ಪನೂ ತಡವಾಗಿ ಮಾತು ಕಲಿತವರಂತೆ. ಗೊಂಬೆಯಿಂದಲೇ ಹೀಗಾಯಿತೇ?
– ಮಂಡ್ಯ

ಉತ್ತರ: ಗೊಂಬೆಯಿಂದ ಮಾತು ನಿಲ್ಲುವುದಿಲ್ಲಮ್ಮ. ಆದರೆ ‘ಅವರಪ್ಪನೂ ಹಾಗೇ’ ಎಂದು ಕಾಯುತ್ತಾ ಕೂರುವುದನ್ನು ನಾನು ಒಪ್ಪಲಾರೆ. ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಪದ ಕೂಡಿಸಿ ಹೇಳಬೇಕು. ಹೇಳದ ಮಗುವಿಗೆ ಮೊದಲು ಕಿವಿಯ ಪರೀಕ್ಷೆ. ಬಾಗಿಲು ಬಡಿದರೆ ತಿರುಗುತ್ತಾನೆ, ಹಾಗಾಗಿ ಕಿವಿ ಸರಿಯಿದೆ ಎಂದುಕೊಳ್ಳಬೇಡಿ. ದೊಡ್ಡ ಸದ್ದು ಕೇಳಿಸಿ ಮಾತು ಕೇಳಿಸದ ಮಕ್ಕಳಿದ್ದಾರೆ.

ಅವನು ಗೊಂಬೆಯನ್ನು ತಂದು ನಿಮಗೆ ತೋರಿಸುತ್ತಾನೆಯೇ? ಬೇಕಾದದ್ದಕ್ಕೆ ಬೆರಳು ತೋರುತ್ತಾನೆಯೇ? ಕಣ್ಣಲ್ಲಿ ಕಣ್ಣಿಟ್ಟು ನಗುತ್ತಾನೆಯೇ? ಗಮನಿಸಿ ಬರೆದಿಟ್ಟುಕೊಂಡು ಹೋಗಿ. ಆಟಿಸಂ ತಪಾಸಣೆಯಲ್ಲಿ ಇವನ್ನೇ ಕೇಳುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ಹತ್ತಿರದಲ್ಲೇ ಇದೆ; 1965ರಿಂದ ಅವರು ಮಾಡುತ್ತಿರುವುದು ಇದೇ ಕೆಲಸ. ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದರೆ ನೀವು ಕಳೆದುಕೊಳ್ಳುವುದು ಒಂದು ದಿನ. ಸರಿಯಿಲ್ಲದಿದ್ದರೆ ಬೇಗ ಶುರುವಾದ ತರಬೇತಿಯಿಂದ ಮಗುವಿಗೆ ಹೆಚ್ಚು ಲಾಭ. ಇದೇ ವಾರ ಹೋಗಿ. ನಾಯಿ ಗೊಂಬೆಯನ್ನೂ ಕರೆದುಕೊಂಡು ಹೋಗಿ, ಹೊಸ ಜಾಗದಲ್ಲಿ ಮಗನಿಗೆ ಧೈರ್ಯವಿರುತ್ತದೆ.