ಮನೆಯಲ್ಲಿ ಕುಳಿತು ದುಡಿದರೂ ಅದು ದುಡಿಮೆಯೇ

ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಪಟ್ಟು ಹಿಡಿಯುವ ಹಕ್ಕನ್ನು ನಮ್ಮ ಕಾನೂನು ಎಲ್ಲ ನೌಕರರಿಗೂ ಕೊಟ್ಟಿಲ್ಲ. ಹೆರಿಗೆ ರಜೆ ಮುಗಿಸಿದ ತಾಯಂದಿರಿಗೆ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಒಂದು ದಾರಿ ತೆರೆಯಿತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ಅಲ್ಲಿಯೂ ಕೆಲಸದ ಸ್ವರೂಪ ಅದಕ್ಕೆ ಒಗ್ಗಬೇಕು, ಮಾಲೀಕರು ಒಪ್ಪಬೇಕು. ಇದರಿಂದ ಅನೇಕರು ವರ್ಕ್ ಫ್ರಮ್ ಹೋಮ್ ಎಂದರೆ ಕಂಪನಿ ತೋರಿದ ಕೃಪೆ, ರಾತ್ರಿ ಹನ್ನೊಂದಕ್ಕೆ ಕರೆ ಬಂದರೂ ಲ್ಯಾಪ್‌ಟಾಪ್ ತೆರೆಯಲೇಬೇಕು ಎಂದುಕೊಳ್ಳುತ್ತಾರೆ. ಇದು ತಪ್ಪು ತಿಳಿವಳಿಕೆ. ಎಲ್ಲಿ ಕುಳಿತು ದುಡಿಯಬೇಕೆಂದು ಆರಿಸುವ ಹಕ್ಕು ಬೇರೆ, ದುಡಿಯುವವರಿಗೆ ಇರುವ ಹಕ್ಕು ಬೇರೆ. ಎರಡನೆಯದನ್ನು ಮನೆಯ ಹೊಸ್ತಿಲು ತಡೆಯುವುದಿಲ್ಲ.

ಕರ್ನಾಟಕದ ಐಟಿ ಕಂಪನಿಗಳೂ ಸೇರಿದಂತೆ ಖಾಸಗಿ ಕಚೇರಿಗಳಿಗೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅನ್ವಯಿಸುತ್ತದೆ. ಸಂಸ್ಥೆಯ ಒಳಗೆ ದುಡಿಯುವವರಷ್ಟೇ ಅಲ್ಲ, ಸಂಸ್ಥೆಗೆ ಸಂಬಂಧಪಟ್ಟ ಕೆಲಸದಲ್ಲಿರುವವರೂ ಅದರ ಪ್ರಕಾರ ನೌಕರರೇ. ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕು, ವಾರದ ರಜೆಯನ್ನೂ ಕೊಡಬೇಕು. ಮನೆಯಲ್ಲಿದ್ದವರು ನಡುವೆ ಮಗುವಿಗೆ ಊಟ ಮಾಡಿಸುತ್ತಾರೆ, ಅಂಗಡಿಗೆ ಹೋಗಿ ಬರುತ್ತಾರೆ, ಅವರ ಗಂಟೆ ಎಣಿಸುವುದು ಹೇಗೆ ಎಂಬ ಆಕ್ಷೇಪ ಕೇಳಿಬರುತ್ತದೆ. ಆದರೆ ಲಾಗಿನ್ ಆದ ಕ್ಷಣ, ಮೇಲ್ ಹೋದ ವೇಳೆ, ಮೀಟಿಂಗಿನ ಅವಧಿ ಎಲ್ಲವೂ ದಾಖಲಾಗುತ್ತವೆ. ತಡವಾಗಿ ಬಂದವರನ್ನು ಪ್ರಶ್ನಿಸಲು ಆಗಿಬರುವ ಲೆಕ್ಕ, ಹೆಚ್ಚು ದುಡಿದವರಿಗೆ ಹಣ ಕೊಡಲೂ ಆಗಿಬರಬೇಕು. ಆಡಳಿತ ನಡೆಸುವ ಹುದ್ದೆಯವರಿಗೆ ಕಾಯ್ದೆ ವಿನಾಯಿತಿ ಕೊಟ್ಟಿದೆ ಎಂಬುದು ನಿಜ. ಹೆಸರಿನ ಮುಂದೆ ಮ್ಯಾನೇಜರ್ ಎಂದಿದ್ದು ಯಾರ ಮೇಲೂ ಅಧಿಕಾರವಿಲ್ಲದವರು ಮಾತ್ರ ಅಷ್ಟಕ್ಕೇ ತಮ್ಮ ಹಕ್ಕನ್ನು ಕೈಬಿಡಬಾರದು. ಕಾರ್ಮಿಕ ವ್ಯಾಜ್ಯಗಳಲ್ಲಿ ನ್ಯಾಯಾಲಯಗಳು ಹುದ್ದೆಯ ಹೆಸರಿಗಿಂತ ಮಾಡುವ ಕೆಲಸವನ್ನೇ ನೋಡುತ್ತ ಬಂದಿವೆ.

ಆದ್ದರಿಂದ ಮೊದಲ ದಿನವೇ ಕೆಲಸದ ವೇಳೆ, ಇಂಟರ್‌ನೆಟ್ ಮತ್ತು ಕರೆಂಟಿನ ಖರ್ಚು, ಉಪಕರಣ ಕೆಟ್ಟರೆ ಯಾರ ಹೊಣೆ ಎಂಬುದನ್ನು ಲಿಖಿತವಾಗಿ ಕೇಳಿ. ಈ ಖರ್ಚನ್ನು ಮಾಲೀಕರೇ ಭರಿಸಬೇಕೆನ್ನುವ ಪೋರ್ಚುಗಲ್‌ನಂಥ ಸ್ಪಷ್ಟ ಕಾನೂನು ನಮ್ಮಲ್ಲಿಲ್ಲ, ಒಪ್ಪಂದವೇ ಆಧಾರ. ಬಾಯಿಮಾತಿನ ಆದೇಶ ಬಂದರೆ 'ನೀವು ಹೇಳಿದಂತೆ ಇಂದು ಹತ್ತರವರೆಗೆ ಮಾಡುತ್ತೇನೆ' ಎಂದು ಮೇಲ್ ಕಳಿಸಿ. ಕಂಪನಿಯ ಗೋಪ್ಯ ಕಡತಗಳನ್ನು ಸ್ವಂತ ಖಾತೆಗೆ ಸಾಗಿಸಬೇಡಿ, ವೇಳೆಯ ಟಿಪ್ಪಣಿ ಸಾಕು. ಹೀಗೆ ಬರೆದು ಕೇಳಿದರೆ ಕೆಲಸವೇ ಹೋದೀತು ಎಂಬ ಅಂಜಿಕೆ ಸುಳ್ಳಲ್ಲ. ಆದರೆ ಆರು ತಿಂಗಳು ಸತತ ಸೇವೆ ಮಾಡಿದವರನ್ನು ಸಮರ್ಥ ಕಾರಣವಿಲ್ಲದೆ ತೆಗೆಯುವಂತಿಲ್ಲ ಎಂದು 1961ರ ಅದೇ ಕಾಯ್ದೆ ಹೇಳುತ್ತದೆ. ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ದೂರು ಕೊಡುವಾಗ ಕೈಯಲ್ಲಿ ಈ ಮೇಲ್‌ಗಳಿದ್ದರೆ ಮಾತಿಗೆ ತೂಕ ಬರುತ್ತದೆ.

ಇನ್ನೊಂದು ವಿಷಯವನ್ನು ಮಹಿಳೆಯರು ಖಂಡಿತ ತಿಳಿದಿರಬೇಕು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ವಾಸದ ಮನೆಯನ್ನೂ ಕೆಲಸದ ಸ್ಥಳ ಎಂದೇ ಹೇಳಿದೆ. ವಿಡಿಯೊ ಕರೆಯಲ್ಲಿ ಆಡಿದ ಅಸಭ್ಯ ಮಾತು, ನಡುರಾತ್ರಿ ಬಂದ ಅಶ್ಲೀಲ ಸಂದೇಶ ಎರಡನ್ನೂ ಸಹಿಸಬೇಕಾಗಿಲ್ಲ. ಸಂದೇಶ ಅಳಿಸದೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಕೊನೆಯ ಘಟನೆ ನಡೆದ ಮೂರು ತಿಂಗಳೊಳಗೆ ಸಂಸ್ಥೆಯ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ಹತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು, ದೂರು ಮಾಲೀಕರ ಮೇಲೆಯೇ ಇದ್ದರೂ ಅಲ್ಲಿಗೇ.