ಮೂರು ರನ್ನಿನ ಆಯಾಸ

ಆಜಾದ್ ಮೈದಾನದಲ್ಲಿ ಭಾನುವಾರ ಆಡುವ ಗುಮಾಸ್ತ ಮಿತ್ರರು ಕೇಳುವುದುಂಟು: ಮೂರು ರನ್ನಿಗೆ ಇಷ್ಟು ಏದುಸಿರೇಕೆ? ಕ್ರೀಸಿನಿಂದ ಕ್ರೀಸಿಗೆ 58 ಅಡಿ. ಒಟ್ಟು 174 ಅಡಿ ಮಾತ್ರ. ಅಷ್ಟೇ ದೂರ ನೇರವಾಗಿ ಓಡುವವನು ಒಮ್ಮೆ ವೇಗ ಹುಟ್ಟಿಸಿದರೆ ಸಾಕು. ಇವನು ಮೂರು ಸಲ ಹುಟ್ಟಿಸಬೇಕು, ನಡುವೆ ಎರಡು ಸಲ ತಡೆದು ತಿರುಗಬೇಕು.

60 ಕಿಲೋ ತೂಕದವನು ಸೆಕೆಂಡಿಗೆ 6 ಮೀಟರ್ ಓಡುವಾಗ ಅವನ ಚಲನಶಕ್ತಿ 1080 ಜೂಲ್. ತಿರುಗುವಾಗ ಅಷ್ಟೂ ಕಳೆಯಬೇಕು, ಮತ್ತೆ ಗಳಿಸಬೇಕು. ಸ್ನಾಯುವಾದರೋ ತಾನು ವೆಚ್ಚಮಾಡುವ ಶಕ್ತಿಯಲ್ಲಿ ಸುಮಾರು ಕಾಲು ಪಾಲನ್ನಷ್ಟೇ ಕೆಲಸವಾಗಿಸುತ್ತದೆ, ಉಳಿದದ್ದು ಶಾಖ. ಅಂಗಿ ತೊಯ್ಯುವುದು ಅದರಿಂದಲೇ. (ಚರ್ಚ್‌ಗೇಟಿನ ಸ್ಲೋ ಗಾಡಿಯ ಪಾಡೂ ಇದೇ.)

ಆದುದರಿಂದ ಮೈದಾನ ಸುತ್ತಿದರಷ್ಟೇ ಸಾಲದು. 58 ಅಡಿ ಅಂತರದಲ್ಲಿ ಎರಡು ಕಲ್ಲಿಟ್ಟು ಹೋಗಿಬಂದು ಓಡಿರಿ. ಮೊದಲ ವಾರ ಅರ್ಧ ವೇಗ ಸಾಕು. ಆಗ ಚಲನಶಕ್ತಿ ಕಾಲು ಪಾಲಿಗಿಳಿಯುವುದರಿಂದ ಮೊಣಕಾಲಿಗೆ ಒಗ್ಗಿಕೊಳ್ಳಲು ಅವಕಾಶವಾಗುತ್ತದೆ.