ಹಿಂಗಾರಿನ ಚಂಡಮಾರುತ ಮಳೆ: ಕೊಟ್ಟಿಗೆಯಲ್ಲಿ ಮೊದಲೇ ಮಾಡಿಕೊಳ್ಳಬೇಕಾದ ಸಿದ್ಧತೆ



ಸಂಘದ ಸಭೆಯೊಂದರಲ್ಲಿ ಚಂಡಮಾರುತದ ಮಾತು ತೆಗೆದಾಗ ಒಬ್ಬ ತಾಯಿ ನಕ್ಕು ಕೇಳಿದರು: "ಸಮುದ್ರ ಎಲ್ಲಿ, ಬಾಗೇವಾಡಿ ಎಲ್ಲಿ ಡಾಕ್ಟ್ರ?" ನ್ಯಾಯವಾದ ಪ್ರಶ್ನೆ. ಬಂಗಾಳಕೊಲ್ಲಿ ನಮ್ಮಿಂದ ನೂರಾರು ಕಿ.ಮೀ. ದೂರ. ಗಾಳಿಯ ಹೊಡೆತ ಕರಾವಳಿಯಲ್ಲೇ ಮುಗಿಯುತ್ತದೆ. ಆದರೆ ಅದು ಹೊತ್ತು ತಂದ ಮಳೆ ನಮ್ಮವರೆಗೂ ಬರುತ್ತದೆ.

2020ರ ಅಕ್ಟೋಬರ್ 13ರಂದು ಆಂಧ್ರದ ಕಾಕಿನಾಡ ಬಳಿ ವಾಯುಭಾರ ಕುಸಿತವೊಂದು ದಡ ಸೇರಿತು. ಅದು ತೆಲಂಗಾಣ ದಾಟಿ ನಮ್ಮ ಕಡೆಗೂ ಮಹಾರಾಷ್ಟ್ರದ ಕಡೆಗೂ ಸರಿಯಿತು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರು, ಭೀಮಾ ನದಿ ಉಕ್ಕಿ ಇಂಡಿ, ಸಿಂದಗಿ ಕಡೆಯ ದಂಡೆಯ ಊರುಗಳಿಗೆ ನುಗ್ಗಿತು. ನೆನಪಿಡಿ: ನಮ್ಮಲ್ಲಿ ಮಳೆ ನಿಂತ ಮೇಲೂ ನದಿ ಏರುತ್ತಲೇ ಇತ್ತು. 2009ರ ಸೆಪ್ಟೆಂಬರ್ ಕೊನೆಯ ಮತ್ತು ಅಕ್ಟೋಬರ್ ಮೊದಲ ವಾರದ ಮಳೆಯನ್ನಂತೂ ಹಿರಿಯರು ಇನ್ನೂ ಮರೆತಿಲ್ಲ. ಡೋಣಿಯ ಪಾತ್ರದಲ್ಲಿ ಹೂಳು ತುಂಬಿರುವುದರಿಂದ ಅದರ ನೀರು ಹೊಲಗಳಿಗೆ ಬೇಗ ಹರಡುತ್ತದೆ.

ಭೀಮಾ ದಂಡೆಯ ಒಂದು ಹಳ್ಳಿಗೆ ನೀರು ಇಳಿದ ಮೇಲೆ ನಾನು ಹೋಗಿದ್ದೆ. ಒಂದು ಕೊಟ್ಟಿಗೆಯಲ್ಲಿ ಎಮ್ಮೆ ಗೂಟದ ಹತ್ತಿರವೇ ಸತ್ತು ಬಿದ್ದಿತ್ತು. "ಗಂಟು ತೊಯ್ದು ಬಿಗಿದಿತ್ತು ಡಾಕ್ಟ್ರ, ಕತ್ತಲದಾಗ ಬಿಚ್ಚಾಕ ಬರಲಿಲ್ಲ" ಎಂದರು ಆ ಮನೆಯಾಕೆ. ಪಕ್ಕದ ಮನೆಯಾಕೆ ಕುಡುಗೋಲಿನಿಂದ ಹಗ್ಗ ಕೊಯ್ದು ಬಿಟ್ಟಿದ್ದ ಆಕಳು ಎತ್ತರದ ಹೊಲದಲ್ಲಿ ಮೇಯುತ್ತಿತ್ತು. ದನಗಳಿಗೆ ಈಜು ಬರುತ್ತದೆ, ಎಮ್ಮೆಗಂತೂ ನೀರೇ ತವರು. ಅವು ಸಾಯುವುದು ಹೆಚ್ಚಾಗಿ ಕಟ್ಟಿದಲ್ಲಿಯೇ ಉಳಿದಾಗ.

ಆದ್ದರಿಂದ ಸಿದ್ಧತೆಯನ್ನು ಮಳೆ ಬಂದ ದಿನಕ್ಕೆ ಬಿಡಬೇಡಿ. ಯಾವ ಕೆಲಸಕ್ಕೆ ಎಷ್ಟು ದಿನ ಮೊದಲು ಕೈ ಹಾಕಬೇಕು ಎಂಬುದನ್ನು ಇಲ್ಲಿ ಹೇಳಿದ್ದೇನೆ.

ಮೂರು ವಾರ ಮೊದಲು

ಹವಾಮಾನ ಇಲಾಖೆಯ ಖಚಿತ ಮುನ್ಸೂಚನೆ ಸಿಗುವುದು ಕೆಲವೇ ದಿನ ಮೊದಲು. ಗಳಲೆ ರೋಗದ (ಗಂಟಲು ಬೇನೆ) ಲಸಿಕೆ ಕೆಲಸ ಮಾಡಲು ಎರಡು-ಮೂರು ವಾರ ಬೇಕು. ಹಾಗಾಗಿ ಮೋಡ ನೋಡಿ ಲಸಿಕೆ ಹಾಕಿಸಿದರೆ ತಡವಾಯಿತು ಎಂದೇ ಅರ್ಥ. ಮಳೆಯಲ್ಲಿ ತೊಯ್ದು, ಮೇವಿಲ್ಲದೆ ಸೊರಗಿದ ಎಮ್ಮೆಗೆ ಈ ರೋಗ ಬಂದರೆ ಜೋರು ಜ್ವರ, ಗಂಟಲು ಬಾವು, ಗೊರಗೊರ ಉಸಿರು. ಒಂದೆರಡು ದಿನದಲ್ಲೇ ಸಾವು. ಆರು ತಿಂಗಳಿನಿಂದ ಎರಡು ವರ್ಷದ ಮೈತುಂಬಿದ ಕರುಗಳಿಗೆ ಚಪ್ಪೆ ರೋಗದ ಲಸಿಕೆಯೂ ಬೇಕು.

"ಲಸಿಕೆ ಹಾಕಿದರೆ ಹಾಲು ಕಡಿಮೆಯಾಗುತ್ತದೆ" ಎಂದು ಹಲವರು ಹಿಂದೇಟು ಹಾಕುತ್ತೀರಿ. ಒಂದೆರಡು ದಿನ ಸ್ವಲ್ಪ ಕಡಿಮೆಯಾಗಬಹುದು, ನಿಜ. ಆದರೆ ಎಮ್ಮೆ ಹೋದರೆ ಹಾಲೂ ಇಲ್ಲ, ಸಾಲ ತೀರಿಸುವ ದಾರಿಯೂ ಇಲ್ಲ. ಎರಡನ್ನೂ ತೂಗಿ ನೋಡಿ.

ಇದೇ ಸಮಯದಲ್ಲಿ ಜಂತುನಾಶಕ ಕುಡಿಸಿ. ಕಿವಿಯೋಲೆಯ 12 ಅಂಕಿಯ ಸಂಖ್ಯೆ ಬರೆದಿಟ್ಟುಕೊಳ್ಳಿ, ದನದ ಫೋಟೋ ತೆಗೆದಿಡಿ, ವಿಮೆ ಇದ್ದರೆ ಅವಧಿ ಮುಗಿದಿದೆಯೇ ನೋಡಿ.

ಮೂರು ದಿನ ಮೊದಲು

ಮುನ್ಸೂಚನೆಯಲ್ಲಿ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ತಕ್ಷಣ ಕೆಲಸಕ್ಕಿಳಿಯಿರಿ.

• ಮೇವು: ಒಂದು ದೊಡ್ಡ ದನಕ್ಕೆ ದಿನಕ್ಕೆ ಸುಮಾರು 6 ಕೆ.ಜಿ. ಒಣಮೇವು ಎಂದು ಹಿಡಿಯಿರಿ. ಎರಡು ದನಕ್ಕೆ ಐದು ದಿನಕ್ಕೆ 60 ಕೆ.ಜಿ. ಇಷ್ಟನ್ನಾದರೂ ಬಣವೆಯಿಂದ ತೆಗೆದು ಮಾಳಿಗೆಯ ಕೆಳಗೆ ಒಣಗಿದ ಜಾಗದಲ್ಲಿಡಿ. ಕಣಿಕೆ ಬಣವೆ ಕಲ್ಲು ಅಥವಾ ಕಟ್ಟಿಗೆಯ ಅಟ್ಟದ ಮೇಲಿರಲಿ. ತಾಡಪಾಲು ಹೊದಿಸಿ ಬಿಗಿಯಾಗಿ ಕಟ್ಟಿ.

• ಹಿಂಡಿ: ಚೀಲಗಳನ್ನು ನೆಲದ ಮೇಲಿಡಬೇಡಿ, ಗೋಡೆಗೂ ತಾಗಿಸಬೇಡಿ. ಬೂಸ್ಟು ಹಿಡಿದ ಹಿಂಡಿಯ ವಿಷ ಹಾಲಿಗೂ ಇಳಿಯುತ್ತದೆ.

• ಜಾಗ: ದನ ಎಲ್ಲಿಗೆ ಹೋಗಬೇಕು ಎಂದು ಈಗಲೇ ಗೊತ್ತು ಮಾಡಿ. ಹಳ್ಳ ದಾಟದೆ ತಲುಪುವ ಎತ್ತರದ ಜಾಗ ಇರಲಿ. ಹಗಲಿನಲ್ಲಿ ಒಮ್ಮೆ ಅಲ್ಲಿಗೆ ಹೊಡೆದುಕೊಂಡು ಹೋಗಿ ಸ್ವಲ್ಪ ಹಿಂಡಿ ತಿನ್ನಿಸಿ. ಆ ದಾರಿ ದನಕ್ಕೆ ನೆನಪಿರುತ್ತದೆ.

• ಹಗ್ಗ: ಪೂರ್ತಿ ಗಂಟು ಹಾಕುವ ಬದಲು ಹಗ್ಗವನ್ನು ಮಡಚಿ ಕುಣಿಕೆಯಾಗಿ ತೂರಿಸಿ. ತುದಿ ಹಿಡಿದು ಜಗ್ಗಿದರೆ ಬಿಚ್ಚಬೇಕು. ಗಂಡಸರು ಊರಲ್ಲಿಲ್ಲದ ರಾತ್ರಿ ಬಿಚ್ಚುವವರು ನೀವೇ. ಆದ್ದರಿಂದ ನೀವೇ ಕಟ್ಟಿ, ಕಣ್ಣು ಮುಚ್ಚಿ ಬಿಚ್ಚಿ ನೋಡಿ. ಅತ್ತೆಗೂ ಮಗಳಿಗೂ ಕಲಿಸಿ. ಕೊಟ್ಟಿಗೆಯ ಬಾಗಿಲ ಬಳಿ ಒಂದು ಕುಡುಗೋಲು ಸಿಕ್ಕಿಸಿಡಿ.

ಮಳೆಯ ರಾತ್ರಿ

ನೀರು ಅಂಗಳಕ್ಕೆ ಬರುವ ತನಕ ಕಾಯಬೇಡಿ. ಹಳ್ಳದ ಸದ್ದು ಬದಲಾದರೆ, ಡಂಗುರ ಕೇಳಿದರೆ ದನ ಹೊರಡಿಸಿ. ಸಣ್ಣ ಕರುಗಳನ್ನು ಮೊದಲು ಸಾಗಿಸಿ. ತಾಯಿ ತಾನೇ ಹಿಂದೆ ಬರುತ್ತದೆ. ಹೊತ್ತು ಇಲ್ಲದಿದ್ದರೆ ಹಗ್ಗ ಬಿಚ್ಚಿ, ಬಾಗಿಲು ತೆರೆದು, ನೀವು ಎತ್ತರಕ್ಕೆ ಹೋಗಿ. ಕುತ್ತಿಗೆಯಲ್ಲಿ ಉದ್ದ ಹಗ್ಗ ಜೋತಾಡದಿರಲಿ, ಮುಳ್ಳುಕಂಟಿಗೆ ಸಿಕ್ಕಿಕೊಳ್ಳುತ್ತದೆ. ಗುಡುಗು ಮಿಂಚಿನಲ್ಲಿ ಒಂಟಿ ಮರದ ಕೆಳಗೆ, ತಂತಿ ಬೇಲಿಯ ಪಕ್ಕ ಕಟ್ಟಬೇಡಿ. ಒಂದು ಮಾತು ಖಡಾಖಂಡಿತ: ಹರಿಯುವ ನೀರಿಗೆ ಇಳಿದು ದನ ತರಲು ಹೋಗಬೇಡಿ. ಆಕಳು ಮತ್ತೆ ಸಿಗುತ್ತದೆ, ಮಕ್ಕಳಿಗೆ ತಾಯಿ ಮತ್ತೆ ಸಿಗುವುದಿಲ್ಲ.

ನೀರು ಇಳಿದ ಮೇಲೆ

ಮಳೆಯಿಂದ ಉಳಿದ ದನವನ್ನು ಮೇವಿನಿಂದ ಕಳೆದುಕೊಂಡ ಉದಾಹರಣೆಗಳಿವೆ. ಮೂರು ತಪ್ಪು ಮಾಡಬೇಡಿ.

1. ಎಳೆ ಜೋಳ: ಕಣಿಕೆ ತೊಯ್ದು ಹೋದಾಗ ಹೊಲದ ಹಸಿರು ಜೋಳ ಕಣ್ಣಿಗೆ ಬೀಳುತ್ತದೆ. ಹೂ ಬಿಡದ ಎಳೆ ಜೋಳ, ನೀರಿಲ್ಲದೆ ಕುಂಠಿತವಾದ ಜೋಳ, ಮಳೆಗೆ ಒಡೆದ ಕೂಳೆಯ ಚಿಗುರು, ಈ ಮೂರರಲ್ಲೂ ಸೈನೈಡ್ ವಿಷ ಇರಬಹುದು. ತಿಂದ ಸ್ವಲ್ಪ ಹೊತ್ತಿನಲ್ಲೇ ನಡುಕ, ಏದುಸಿರು. ದನ ನೆಲಕ್ಕೆ ಬೀಳುತ್ತದೆ. ತಕ್ಷಣ ಚುಚ್ಚುಮದ್ದು ಸಿಕ್ಕರೆ ಮಾತ್ರ ಉಳಿಯುತ್ತದೆ.

2. ತೊಯ್ದ ಕಾಳು: ಹಾಳಾಗುತ್ತದಲ್ಲ ಎಂದು ಜೋಳ, ಗೋವಿನಜೋಳದ ಕಾಳನ್ನು ಬುಟ್ಟಿಗಟ್ಟಲೆ ಹಾಕಬೇಡಿ. ಹೊಟ್ಟೆಯಲ್ಲಿ ಹುಳಿಯೇರಿ ದನ ಸಾಯುತ್ತದೆ.

3. ಬೂಸ್ಟು ಹಿಡಿದ ಕಣಿಕೆ: ಕಪ್ಪಗಾದದ್ದು ತಿಪ್ಪೆಗೆ ಹೋಗಲಿ.

ಕೊಟ್ಟಿಗೆಯ ಕೆಸರು ತೆಗೆದು ಸುಣ್ಣದ ಪುಡಿ ಉದುರಿಸಿ. ಹಿಂಡಿದ ಮೇಲೆ ದನ ಅರ್ಧ ಗಂಟೆ ನಿಂತೇ ಇರುವಂತೆ ಮುಂದೆ ಮೇವು ಹಾಕಿ. ಮೊಲೆಯ ರಂಧ್ರ ಮುಚ್ಚಿಕೊಳ್ಳುವ ಮುನ್ನ ಕೆಸರಲ್ಲಿ ಮಲಗಿದರೆ ಕೆಚ್ಚಲು ಬಾವು ಖಂಡಿತ. ರಸ್ತೆ ಮುರಿದು ಹಾಲಿನ ಗಾಡಿ ಬರದಿದ್ದರೂ ಹಿಂಡುವುದನ್ನು ನಿಲ್ಲಿಸಬೇಡಿ. ಕಾಯಿಸಿ ಹೆಪ್ಪು ಹಾಕಿ, ಬೆಣ್ಣೆ ತೆಗೆದು ತುಪ್ಪ ಮಾಡಿಟ್ಟುಕೊಳ್ಳಿ. ನಿಮ್ಮ ಕಾಲಿನಲ್ಲಿ ಗಾಯವಿದ್ದರೆ ಕೆಸರು ನೀರಿಗೆ ಬರಿಗಾಲಲ್ಲಿ ಇಳಿಯಬೇಡಿ. ಇಲಿಜ್ವರ ಮನುಷ್ಯರಿಗೂ ಬರುತ್ತದೆ.

ದನ ಸತ್ತರೆ ಚರ್ಮ ಸುಲಿಯಬೇಡಿ, ಹಳ್ಳಕ್ಕೂ ಎಸೆಯಬೇಡಿ. ಫೋಟೋ ತೆಗೆದು ಪಶು ಆಸ್ಪತ್ರೆಗೆ ಮತ್ತು ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ. ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ಪರಿಹಾರವಾಗಲಿ, ವಿಮೆಯಾಗಲಿ ಕೈಗೆ ಬರುವುದು ಕಷ್ಟ. ಆ ನಂತರ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ದನಕ್ಕೆ ತುರ್ತು ಚಿಕಿತ್ಸೆ ಬೇಕಾದರೆ 1962ಕ್ಕೆ ಕರೆ ಮಾಡಿ.

ಇದನ್ನೆಲ್ಲ ಒಂದೇ ದಿನ ಮಾಡಲಾಗದು. ಲಸಿಕೆಗೆ ಈ ವಾರ ಸಂಘದಲ್ಲಿ ಹೆಸರು ಬರೆಸಿ. ಹಗ್ಗದ ಕೆಲಸಕ್ಕೆ ಮಾತ್ರ ಯಾರನ್ನೂ ಕೇಳಬೇಕಿಲ್ಲ, ಒಂದು ಪೈಸೆ ಖರ್ಚೂ ಇಲ್ಲ. ಇವತ್ತು ಸಂಜೆ ಹಾಲು ಹಿಂಡಿ ಕಟ್ಟುವಾಗಲೇ ಹೊಸ ಗಂಟು ಹಾಕಿ ನೋಡಿ.

– ಪಶುವೈದ್ಯಾಧಿಕಾರಿ, ಬಸವನ ಬಾಗೇವಾಡಿ